ರವಿಕೆ ಕಣದ ಗೌರಿ ಹೂ

"ಅಮ್ಮಾ, ಗೌರಿ ಅವಳ ಅಮ್ಮನ ಮನೆಗೆ ಬರ್ತಾಳೆ ಅಂದ್ಯಲ್ಲ. ಮತ್ತೆ ನೀನ್ಯಾಕೆ ನಿನ್ನ ಅಮ್ಮನ ಮನೆಗೆ ಹೋಗಲ್ಲ?"

ಹಬ್ಬಕ್ಕೆ ಎರಡೇ ದಿನ ಇತ್ತು. ಮೊರದ ಬದಲು ಯಾವ ತಟ್ಟೆ ಆದೀತು ಅಂತ ಕಪಾಟು ಹುಡುಕುತ್ತಿದ್ದೆ. ಆರು ವರ್ಷದ ಮಗಳಿಗೆ ಉತ್ತರವೇನೂ ಬೇಕಿರಲಿಲ್ಲ. ಕೇಳಿದವಳೇ ಸೈಕಲ್ ಹೊಡೆಯಲು ಓಡಿದಳು. ಕೈಯಲ್ಲಿದ್ದ ಸ್ಟೀಲ್ ತಟ್ಟೆ ಹಿಡಿದುಕೊಂಡು ನಾನು ಹಾಗೇ ನಿಂತೆ. ಟಿಕೆಟ್ ರೇಟು, ರಜೆ, ನಿನ್ನ ಸ್ಕೂಲು ಅಂತ ಮನಸ್ಸಲ್ಲೇ ಪಟ್ಟಿ ಮಾಡಿದೆ. ಹೋದ ವರ್ಷ ಅಮ್ಮನಿಗೆ ಹೇಳಿದ್ದೂ ಇದೇ ಪಟ್ಟಿ. ಆದರೆ ಈ ಸಲ ಹಬ್ಬ ಬಿದ್ದಿದ್ದು ಆಗಸ್ಟ್ 26ಕ್ಕೆ, ಇಂಗ್ಲೆಂಡಿನ ಈ ಲೀಡ್ಸ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ. ಪಟ್ಟಿಯಲ್ಲಿ ಒಂದು ಕಾರಣ ಕಮ್ಮಿಯಾಗಿತ್ತು.

ಇಲ್ಲಿ ಹಬ್ಬಕ್ಕೆ ಏನೂ ಸಿಗಲ್ಲ ಅಂತ ಅಳುವ ಕಾಲ ಮುಗೀತು. ಬಾಳೆಲೆ ಸಿಗುತ್ತೆ, ವೀಳ್ಯದೆಲೆ ಸಿಗುತ್ತೆ. ಡೇರೆ ಹೂವಂತೂ ಇವರ ಹಿತ್ತಿಲಲ್ಲೆಲ್ಲ ನಮ್ಮ ತೀರ್ಥಹಳ್ಳಿ ಕಡೆಯ ಅಂಗಳಗಳ ಹಾಗೇ ತಟ್ಟೆಯಗಲ ಬಿಟ್ಟಿರುತ್ತೆ. ಸಿಗದೇ ಇದ್ದದ್ದು ಒಂದೇ, ಗೌರಿ ಹೂ.

ನಮ್ಮ ಮನೆಯಲ್ಲಿ ಅದಿಲ್ಲದೆ ಗೌರಿ ಕೂರುತ್ತಿರಲಿಲ್ಲ. ತಮಿಳುನಾಡಿನವರು ಅದನ್ನು ರಾಜ್ಯದ ಹೂವನ್ನಾಗಿ ಮಾಡಿಕೊಂಡಿದ್ದಾರೆ. ನಮಗೆ ಅದು ಬೇಲಿ ಹೂ ಅಷ್ಟೇ. ಭಾದ್ರಪದದ ಹೊತ್ತಿಗೆ ದನ ಮೇಯುವ ಬ್ಯಾಣದ ಅಂಚಿನ ಪೊದೆಗಳ ಮೇಲೆ ಬೆಂಕಿ ಹತ್ತಿದ ಹಾಗೆ ಕಾಣಿಸುತ್ತೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಂಡಿರುತ್ತೆ, ಸುಮ್ನೆ ಎಳೆದರೆ ಬರಲ್ಲ. ತದಿಗೆಯ ಬೆಳಿಗ್ಗೆ ಅಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ತರುತ್ತಿದ್ದರು. ಕಾಲಿಗೆ ರಕ್ತ ಹೀರುವ ಉಂಬಳ, ಮೈಯೆಲ್ಲ ನೀರು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಗಾದೆ ಹೇಳುತ್ತಾ ಉಂಬಳಕ್ಕೆ ಸುಣ್ಣ ಮುಟ್ಟಿಸುತ್ತಿದ್ದರು. ಗೌರಿ ಹೂವಿನ ಗಡ್ಡೆ ವಿಷ ಅಂತ ಅಮ್ಮ ನಮ್ಮ ಕೈ ಎರಡೆರಡು ಸಲ ತೊಳೆಸುತ್ತಿದ್ದಳು, ನಾವು ಗಡ್ಡೆ ಮುಟ್ಟಿರದಿದ್ದರೂ.

ಇಲ್ಲಿನ ಹೂವಂಗಡಿಯಲ್ಲಿ ಫೋಟೊ ತೋರಿಸಿದೆ. ತರಿಸಬಹುದು, ಒಂದು ವಾರ ಬೇಕು ಅಂದರು. ಹಾಗಾಗಿ ಬಟ್ಟೆಯಲ್ಲೇ ಮಾಡೋಣ ಅಂತ ಕೂತೆ.

ಬಟ್ಟೆಗೇನು ಬರ? ಬಾಗಿನದಲ್ಲಿ ಬಂದ ರವಿಕೆ ಕಣಗಳ ಒಂದು ಡಬ್ಬವೇ ಇದೆ. ಒಂದು ಮನೆಯಿಂದ ಬಂದದ್ದು ಇನ್ನೊಂದು ಮನೆಗೆ ಹೋಗುತ್ತೆ, ಅದರ ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಕೆಲವು ಕಣಗಳು ಮೂರು ದೇಶ ಸುತ್ತಿರಬಹುದು. ಅವುಗಳ ಮಧ್ಯೆ ಅಚ್ಚ ಹಳದಿಯ ಒಂದು ಟೂ ಬೈ ಟೂ ಹತ್ತಿ ಕಣ ಇತ್ತು. ಹೋದ ವರ್ಷ ಅಮ್ಮ ಶಿವಮೊಗ್ಗದ ಗಾಂಧಿ ಬಜಾರಿಗೇ ಹೋಗಿ ತಂದು ಕಳಿಸಿದ್ದು. ಬಣ್ಣ ಸರಿಯಾಗಿ ಗೌರಿ ಹೂವಿನ ಬುಡದ ಬಣ್ಣ. ಅದನ್ನೇ ಕತ್ತರಿಸಿದೆ.

ವಿಡಿಯೋದವರು ಎಸಳಿನ ಅಂಚನ್ನು ಮೇಣದ ಬತ್ತಿಗೆ ಹಿಡಿಯಿರಿ, ತಾನಾಗೇ ಸುರುಟಿಕೊಳ್ಳುತ್ತೆ ಅಂತ ಹೇಳಿದ್ದರು. ಹಿಡಿದೆ. ಭಗ್ ಅಂತ ಹತ್ತಿಕೊಂಡು ಕಾಗದ ಸುಟ್ಟ ವಾಸನೆ ಬಂತು. ಊದಿ ಆರಿಸುವಷ್ಟರಲ್ಲಿ ಎಸಳಿನ ಮೂಲೆ ಕರ್ರಗಾಗಿತ್ತು. ಕರಗಿ ಸುರುಟುವುದು ಪಾಲಿಯೆಸ್ಟರ್ ಸ್ಯಾಟಿನ್. ಹತ್ತಿ ಬಟ್ಟೆ ಸುಡುತ್ತೆ. ಇಷ್ಟು ಗೊತ್ತಾಗಲು ಅಮ್ಮ ಕಳಿಸಿದ ಬಟ್ಟೆಯೇ ಬೇಕಿತ್ತಾ ಅಂತ ನನ್ನ ಮೇಲೇ ಸಿಟ್ಟು ಬಂತು.

ಆಮೇಲೆ ಅಮ್ಮ ಸೀರೆಗೆ ಮಾಡುತ್ತಿದ್ದದ್ದು ನೆನಪಾಯಿತು. ಗಟ್ಟಿ ಅನ್ನದ ಗಂಜಿ ಬಸಿದು, ಬಟ್ಟೆ ಅದ್ದಿ, ಎಳೆದು ಒಣಗಿಸಿ, ಇಸ್ತ್ರಿ ಹಾಕಿದೆ. ಕೈಗೆ ಹಪ್ಪಳದ ಹಾಗೆ ಹತ್ತಿತು. ಈಗ ಓರೆಯಾಗಿ ಕತ್ತರಿಸಿದರೆ ದಾರ ಬಿಚ್ಚಲೇ ಇಲ್ಲ. ಬೆರಳುದ್ದದ ಆರು ಎಸಳು. ಕುಂಕುಮ ಕಲಸಿದ ನೀರನ್ನು ಮಗಳು ಬ್ರಷ್ಷಿನಲ್ಲಿ ತುದಿಗೆ ಹಚ್ಚಿದಳು, ಬುಡದ ಹಳದಿ ಹಾಗೇ ಬಿಟ್ಟಳು. ಹಸಿ ಇರುವಾಗಲೇ ಪೆನ್ಸಿಲ್ಲಿಗೆ ಓರೆಯಾಗಿ ಸುತ್ತಿ ದಾರ ಬಿಗಿದೆ. ಒಣಗಿದ ಮೇಲೆ ಬಿಚ್ಚಿದರೆ ಅಂಚು ಅಲೆ ಅಲೆಯಾಗಿ ಬಂದಿತ್ತು. ಟೇಬಲ್ಲಿನ ತುಂಬ ಕುಂಕುಮ. ಅವಳ ಮೂಗಿಗೂ.

ಎಲ್ಲಾ ಸೇರಿಸಿ ತಂತಿಗೆ ಕಟ್ಟಿದೆ. ಚೆನ್ನಾಗೇ ಇತ್ತು, ಆದರೆ ಗೌರಿ ಹೂ ಅನ್ನಿಸಲಿಲ್ಲ. ಎಲ್ಲೋ ತಪ್ಪಿದೆ. ಎಲ್ಲಿ ಅಂತ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಕಣ್ಣೆದುರು ಇದ್ದ ಹೂವು!

ಅದನ್ನು ಹಿಡಿದುಕೊಂಡು ಮಗಳು ಪಕ್ಕದ ಮನೆಗೆ ಓಡಿದ್ದಳು. ಐದು ನಿಮಿಷಕ್ಕೆ ಆ ಮನೆಯ ಆಂಟಿಯೇ ಬಂದರು. ಜಿಂಬಾಬ್ವೆಯವರು, ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಇನ್ನೂ ಮಲಗಿರಲಿಲ್ಲ. "ಇದು ನಮ್ಮ ದೇಶದ ಹೂವು, ನಿಮಗೆ ಹೇಗೆ ಗೊತ್ತು?" ಅಂದರು. ನಾನು ಇದು ನಮ್ಮೂರ ಬೇಲಿ ಹೂವು ಅಂದೆ. ಇಬ್ಬರಿಗೂ ನಗು. ಅದು ಅವರ ರಾಷ್ಟ್ರೀಯ ಹೂವಂತೆ. 1947ರಲ್ಲಿ ಎಲಿಜಬೆತ್ ಇನ್ನೂ ರಾಜಕುಮಾರಿ ಆಗಿದ್ದಾಗ, ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಅಲ್ಲಿನ ಶಾಲೆ ಮಕ್ಕಳು ಇದೇ ಆಕಾರದ ವಜ್ರದ ಬ್ರೂಚ್ ಕೊಟ್ಟಿದ್ದರು ಅಂತಲೂ ಹೇಳಿದರು. ಹೇಳುತ್ತಲೇ ನನ್ನ ಹೂವನ್ನು ತಲೆಕೆಳಗು ಮಾಡಿದರು.

ತಪ್ಪು ಅಲ್ಲೇ ಇತ್ತು. ಗೌರಿ ಹೂ ತಲೆ ತಗ್ಗಿಸಿ ನೆಲ ನೋಡುತ್ತೆ, ಎಸಳು ಮಾತ್ರ ಹಿಂದಕ್ಕೆ ಮಡಚಿ ಮೇಲೆ ಏಳುತ್ತೆ. ಕೇಸರಗಳು ಕೆಳಗೆ ಛತ್ರಿಯ ಕಡ್ಡಿಗಳ ಹಾಗೆ ಹರಡಿಕೊಂಡಿರುತ್ತೆ. ಅವರು ಸೋಫಾದಲ್ಲಿ ಕೂತು, ಕಣ್ಣು ಎಳೆಯುತ್ತಿದ್ದರೂ, ಎಸಳುಗಳನ್ನು ಬಿಚ್ಚಿ ತಿರುಗಿಸಿ ಕಟ್ಟಿದರು. ಹಸಿರು ದಾರದ ಆರು ಕೇಸರ ಮಾಡಿ ತುದಿಗೆ ಗಂಟು ಹಾಕಿದರು. ಕೊನೆಗೆ ನಡುವಿನ ಒಂಟಿ ಎಳೆಯನ್ನು ಪಟ್ ಅಂತ ಪಕ್ಕಕ್ಕೆ ಬಾಗಿಸಿದರು. ಹೌದು, ಅದು ಹಾಗೇ ಅಡ್ಡ ಬಾಗಿರುತ್ತೆ! ಹೂವು ಈಗ ನಮ್ಮ ಬ್ಯಾಣದಿಂದ ಬಂದ ಹಾಗಿತ್ತು. "ನನ್ನ ಅಜ್ಜಿ ಮನೆ ಹಿಂದೆ ಇತ್ತು" ಅಂತಷ್ಟೇ ಹೇಳಿ ಮಲಗಲು ಹೋದರು. ಹಬ್ಬದ ಮೊದಲ ಬಾಗಿನ ಅವರಿಗೇ ಅಂತ ಆಗಲೇ ಅಂದುಕೊಂಡೆ, ಹಬ್ಬದ ಸಂಜೆ ಕೊಟ್ಟೂ ಆಯಿತು.

ಮಂಗಳವಾರ ಬೆಳಿಗ್ಗೆ ಪೂಜೆ, ದಾರ, ಪಾಯಸ ಎಲ್ಲಾ ಗಡಿಬಿಡಿಯಲ್ಲೇ ಮುಗೀತು. ಗಂಡ ಆಫೀಸಿನ ಕಾಲ್ ಮಧ್ಯೆಯೇ ಮಂಗಳಾರತಿ ತಗೊಂಡ. ಅರಿಶಿನದ ಗೌರಿಯ ಮುಡಿಗೆ ಹೂ ಇಟ್ಟು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಅಯ್ಯೋ, ಬೇಲೀದೇ ಅಲ್ವಾ ಇದು?" ಅಂದಳು. ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. "ಆ ಬಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲೇ."

"ಇಲ್ಲೇ ಅಂಗಡಿಯಲ್ಲಿ ತಗೊಂಡೆ" ಅಂದುಬಿಟ್ಟೆ. ಯಾಕೆ ಅಂದೆನೋ.

ಮಗಳು ಮಧ್ಯೆ ತಲೆ ತೂರಿಸಿ, "ಅಜ್ಜಿ, ನಿಮ್ಮ ಗೌರಿ ತೋರಿಸಿ" ಅಂದಳು. ಅಮ್ಮ ಆರತಿ ತಟ್ಟೆ ತೋರಿಸಿದಳು, ಕಲಶ ತೋರಿಸಿದಳು. ಮಗಳು ಬಿಡಲಿಲ್ಲ. ಕೊನೆಗೆ ಫೋನು ತಿರುಗಿತು. ಸೇವಂತಿಗೆ ಇತ್ತು, ಡೇರೆ ಇತ್ತು. ಗೌರಿ ಹೂ ಇರಲಿಲ್ಲ.

"ಅಷ್ಟು ದೂರ ಯಾರು ಹೋಗ್ತಾರೆ ಮಾರಾಯ್ತಿ" ಅಂದಳು ಅಮ್ಮ, ನಾನು ಕೇಳದಿದ್ದರೂ. "ನನ್ನ ಮಂಡಿ ನೋವು ಬೇರೆ. ಅಪ್ಪ ಹೋದಮೇಲೆ ತಂದೇ ಇಲ್ಲ." ಅಪ್ಪ ಹೋಗಿ ಮೂರು ವರ್ಷ. ಮೂರು ಹಬ್ಬದಲ್ಲೂ ನಾನು ವಿಡಿಯೋದಲ್ಲಿ ಗೌರಿ ನೋಡಿ ನಮಸ್ಕಾರ ಮಾಡಿದ್ದೆ. ಹೂ ಇಲ್ಲ ಅನ್ನೋದು ಕಣ್ಣಿಗೆ ಬಿದ್ದಿರಲೇ ಇಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳದಿ ಕಣದಲ್ಲಿ ಉಳಿದದ್ದನ್ನು ಇಸ್ತ್ರಿ ಟೇಬಲ್ ಮೇಲೆ ಹರಡಿದೆ. ಆರು ಎಸಳಿನ ತೂತು, ಒಂದು ಮೂಲೆ ಕಡಿಮೆ. ನನ್ನ ಹಳೇ ರವಿಕೆ ತಂದು ಅದರ ಮೇಲಿಟ್ಟು, ಹಾಗೆ ತಿರುಗಿಸಿ ಹೀಗೆ ತಿರುಗಿಸಿ ಅಳತೆ ನೋಡಿದೆ. ತೋಳು ಎರಡೂ ಬರುತ್ತೆ. ಮುಂಭಾಗಕ್ಕೂ ಹೇಗೋ ಸಾಲುತ್ತೆ. ಬೆನ್ನಿಗೆ ಮಾತ್ರ ಒಂದು ಗೇಣು ಕಮ್ಮಿ.