ಊರಿನ ಠೇವಣಿ, ಇಲ್ಲಿನ ಲೆಕ್ಕ

2024ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಯೂನಿವರ್ಸಲ್ ಕ್ರೆಡಿಟ್‌ನ, ಅಂದರೆ ಕಡಿಮೆ ಆದಾಯದವರಿಗೆ ಬ್ರಿಟನ್ ಸರ್ಕಾರ ಪ್ರತಿ ತಿಂಗಳು ಕೊಡುವ ನೆರವಿನ, ನನ್ನ ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ (ಸಂದೇಶಗಳ ಪುಟದಲ್ಲಿ) ಸಂದೇಶವೊಂದು ಬಂದಿತ್ತು. ನನ್ನ ಹೆಸರಿನಲ್ಲಿರುವ ಎಲ್ಲ ಬ್ಯಾಂಕ್ ಖಾತೆಗಳ ಕಳೆದ ನಾಲ್ಕು ತಿಂಗಳ ವಿವರ ಕಳುಹಿಸಬೇಕು, ಬ್ರಿಟನ್ನಿನ ಹೊರಗೆ ಖಾತೆಗಳಿದ್ದರೆ ಅವುಗಳದ್ದೂ ಬೇಕು ಎಂದು ಬರೆದಿದ್ದರು. ಆ ಕೊನೆಯ ಮಾತನ್ನು ಓದುತ್ತಿದ್ದಂತೆ ಶಿವಮೊಗ್ಗದ ಠೇವಣಿ ನೆನಪಾಗಿ ನನ್ನ ಕೈ ತಣ್ಣಗಾಯಿತು.

ಒಂದು ವರ್ಷದ ಹಿಂದೆ ಅಪ್ಪನ ಮನೆ ಮಾರಿ ತಮ್ಮ ನನ್ನ ಪಾಲಿನ ಹಣವನ್ನು ಅಲ್ಲಿನ ನನ್ನ ಎನ್‌ಆರ್‌ಒ ಖಾತೆಗೆ (ಹೊರದೇಶದಲ್ಲಿರುವ ಭಾರತೀಯರು ಭಾರತದಲ್ಲಿ ಇಟ್ಟುಕೊಳ್ಳುವ ಬ್ಯಾಂಕ್ ಖಾತೆ) ಹಾಕಿದ್ದ. ಅದನ್ನು ಮಗಳ ಓದಿಗೆಂದು ಹಾಗೆಯೇ ಠೇವಣಿಯಲ್ಲಿಟ್ಟಿದ್ದೆ. ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಅರೆಕಾಲಿಕ ಕೆಲಸ ಮಾಡುವ ನನಗೆ ಮೊದಲು ಟ್ಯಾಕ್ಸ್ ಕ್ರೆಡಿಟ್ ಎಂಬ ಹಳೆಯ ಸರ್ಕಾರಿ ನೆರವು ಬರುತ್ತಿತ್ತು. ಅದರಲ್ಲಿ ಉಳಿತಾಯಕ್ಕೆ ಮಿತಿ ಇರಲಿಲ್ಲ, ಬಡ್ಡಿಯನ್ನಷ್ಟೇ ಆದಾಯವೆಂದು ನೋಡುತ್ತಿದ್ದರು. 2021ರಲ್ಲಿ ಬೇರೆ ಊರಿಗೆ ಮನೆ ಬದಲಿಸಿ, ಬಾಡಿಗೆಯ ನೆರವಿಗಾಗಿ ಹೊಸ ಅರ್ಜಿ ಹಾಕಿದಾಗ ಯೂನಿವರ್ಸಲ್ ಕ್ರೆಡಿಟ್‌ಗೆ ಬಂದೆ. ನಿಯಮ ಬದಲಾಗಿದ್ದರೂ ನನ್ನ ಮನಸ್ಸಿನಲ್ಲಿ ಹಳೆಯ ನಿಯಮವೇ ಉಳಿದುಕೊಂಡಿತ್ತು.

ಇಲ್ಲಿ 6,000 ಪೌಂಡ್‌ವರೆಗಿನ ಉಳಿತಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, 16,000 ದಾಟಿದರೆ ನೆರವೇ ಇಲ್ಲ. ನಡುವಿನ ಮೊತ್ತದಲ್ಲಿ ಪ್ರತಿ 250 ಪೌಂಡ್‌ಗೆ, ಅಥವಾ ಅದರ ತುಂಡಿಗೆ, ತಿಂಗಳಿಗೆ 4.35 ಪೌಂಡ್ ಆದಾಯವಿದೆ ಎಂದು ಭಾವಿಸಿ ನೆರವಿನಿಂದ ಅಷ್ಟನ್ನು ಕಳೆಯುತ್ತಾರೆ. ಹಣ ಯಾವ ದೇಶದಲ್ಲಿದ್ದರೂ ಲೆಕ್ಕ ಒಂದೇ. ನನ್ನ ಠೇವಣಿಯೂ ಇಲ್ಲಿನ ಚಿಲ್ಲರೆಯೂ ಸೇರಿ ಸುಮಾರು 9,900 ಪೌಂಡ್ ಆಯಿತು. ಹೀಗೆ ತಿಂಗಳಿಗೆ 69.60ರಂತೆ 12 ತಿಂಗಳಿಗೆ 835.20 ಪೌಂಡ್ ನನಗೆ ಹೆಚ್ಚಾಗಿ ಬಂದಿತ್ತು. ತಿಳಿಸದೆ ನಿರ್ಲಕ್ಷಿಸಿದ್ದಕ್ಕೆ 50 ಪೌಂಡ್ ದಂಡವೂ ಸೇರಿತು.

ಆ ಸಂಜೆ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಅಪ್ಪನ ಮನೆ ದುಡ್ಡಿಗೂ ಆ ದೇಶದ ಸರ್ಕಾರಕ್ಕೂ ಏನು ಸಂಬಂಧ?" ಎಂದು ಅವನು ಸಿಟ್ಟಾದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಕೊಡುವಾಗ ಆದಾಯ ತೆರಿಗೆ ಕಟ್ಟುವ ಮನೆಯೇ ಎಂದು ನೋಡುತ್ತಾರೆ, ಹೆಂಗಸರು ಕಷ್ಟಕಾಲಕ್ಕೆಂದು ಕೂಡಿಟ್ಟದ್ದನ್ನು ಕೇಳುವುದಿಲ್ಲ. ಆಪದ್ಧನವನ್ನು ಖರ್ಚಿನ ಹಣವೆಂದು ನಾವು ಎಣಿಸುವುದೇ ಇಲ್ಲ. ಆದರೆ ಉಳಿತಾಯವೇ ಇಲ್ಲದೆ ಇದೇ ನೆರವಿನಲ್ಲಿ ಬದುಕುವವರು ನನ್ನ ಅಡುಗೆಮನೆಯಲ್ಲೇ ಇದ್ದಾರೆ. ಅವರ ಎದುರು ನಿಂತು ಈ ಹಣ ನನ್ನದಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದಿತ್ತು. ಉಚಿತವಾಗಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಸ್ವಯಂಸೇವಕಿಯೊಬ್ಬರು ನನ್ನೊಡನೆ ಕುಳಿತು ಪ್ರತಿ ತಿಂಗಳ ಲೆಕ್ಕವನ್ನೂ ತಾಳೆ ನೋಡಿದರು, ತಪ್ಪು ಸಿಗಲಿಲ್ಲ. ದಂಡದ ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ನೋವಿದೆ. ಹಳೆಯ ನೆರವಿನಿಂದ ಹೊಸದಕ್ಕೆ ಬರುವವರಿಗೆ ಈ ಒಂದು ವ್ಯತ್ಯಾಸವನ್ನು ದಪ್ಪ ಅಕ್ಷರಗಳಲ್ಲಿ ತಿಳಿಸಿದ್ದರೆ ನಾನು ಮುಚ್ಚಿಡುತ್ತಿರಲಿಲ್ಲ. ಆದರೂ ಉಳಿತಾಯದಲ್ಲಿ ಬದಲಾವಣೆಯಾದರೆ ತಿಳಿಸುತ್ತೇನೆ ಎಂದು ಒಪ್ಪಿಕೊಂಡವಳು ನಾನೇ ಎಂಬುದನ್ನು ಅಲ್ಲಗಳೆಯಲಾರೆ.

ಕಂತುಗಳಲ್ಲಿ ತೀರಿಸುವ ಅವಕಾಶವಿತ್ತು. ಆದರೆ ಪ್ರತಿ ತಿಂಗಳೂ ನೆರವಿನಲ್ಲಿ ಆ ಬಾಕಿಯ ಕಡಿತವನ್ನು ನೋಡುವುದು ಬೇಡವೆನಿಸಿ, ಬಡ್ಡಿ ಕಡಿಮೆಯಾದರೂ ಸರಿಯೆಂದು ಠೇವಣಿಯನ್ನು ಅವಧಿಗೆ ಮುನ್ನವೇ ಮುರಿದು, ಬೇಕಾದಷ್ಟನ್ನು ಇಲ್ಲಿಗೆ ತರಿಸಿಕೊಂಡು ಒಂದೇ ಸಲ 885.20 ಪೌಂಡ್ ಕಟ್ಟಿದೆ. ಉಳಿದದ್ದನ್ನು ಅಲ್ಲಿಯೇ ಮತ್ತೆ ಠೇವಣಿ ಇಟ್ಟು, ಅದೇ ರಾತ್ರಿ ಜರ್ನಲ್‌ನಲ್ಲಿ ಹೊಸ ಮೊತ್ತವನ್ನು ಬರೆದೆ: 9,000 ಪೌಂಡ್‌ಗಿಂತ ಸ್ವಲ್ಪವೇ ಹೆಚ್ಚು. ತುಂಡಿಗೂ ಪೂರ್ತಿ ಲೆಕ್ಕವಾದ್ದರಿಂದ ಮುಂದಿನ ತಿಂಗಳಿನಿಂದ 56.55 ಪೌಂಡ್ ಕಡಿಮೆ ಬರುತ್ತದೆ ಎಂದು ಉತ್ತರ ಬಂತು.