ದೇವರ ನಂಬಿಕೆಯಿಂದ ಹಾರ್ಟ್ ಆಪರೇಷನ್‌ಗೆ ಏನು ಸಿಕ್ಕಿತು?

ಮಂಗಳೂರಿನಲ್ಲಿ ಹಾರ್ಟ್ ಆಪರೇಷನ್ ಅಂದರೆ ಕಟೀಲಿನ ಪ್ರಸಾದ, ಉಳ್ಳಾಲ ದರ್ಗಾದ ನೂಲು, ಜಪಸರ ಎಲ್ಲವೂ ಥಿಯೇಟರ್ ಬಾಗಿಲ ತನಕ ಬರುತ್ತವೆ. ನಾನು ಒಳಗೆ ಹಾರ್ಟ್-ಲಂಗ್ ಮೆಶಿನ್, ಅಂದರೆ ಆಪರೇಷನ್ ಹೊತ್ತಿನಲ್ಲಿ ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಯಂತ್ರ, ನಡೆಸುವವನು. ಹಾಗಾಗಿ ಮದುವೆ ಊಟದ ಸಾಲಿನಲ್ಲೂ ಇದೇ ಪ್ರಶ್ನೆ: "ನಂಬಿಕೆ ರೋಗಿಗೆ ಧೈರ್ಯ ಕೊಡಬಹುದು ಮಾರಾಯ್ರೆ, ಮೆಡಿಕಲ್ ಸೈನ್ಸ್‌ಗೆ ಅದರಿಂದ ಏನಾದರೂ ಸಿಕ್ಕಿದೆಯಾ?"

ಸಿಕ್ಕಿದೆ. ಹೆಚ್ಚಾಗಿ, ಬೇರೆಯವರಿಗೆ ಹೊಳೆಯದ ಪ್ರಶ್ನೆಯ ರೂಪದಲ್ಲಿ.

ಸ್ಪೇನಿನ ಮೈಕೇಲ್ ಸರ್ವೆಟಸ್ ವೈದ್ಯರು. ಆದರೆ 1553ರಲ್ಲಿ ಬಂದ ಅವರ ಪುಸ್ತಕ ಧರ್ಮದ್ದು. ಪ್ರಾಣ ರಕ್ತದಲ್ಲಿದೆ ಅಂತ ಬೈಬಲ್ ಹೇಳುತ್ತದಲ್ಲ, ಹಾಗಾದರೆ ಉಸಿರು ರಕ್ತಕ್ಕೆ ಸೇರುವುದು ಎಲ್ಲಿ? ರಕ್ತ ಹೃದಯದ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ ಎಡಗಡೆಗೆ ಬರುತ್ತದೆ ಅಂತ ಅವರು ಅದರಲ್ಲೇ ಬರೆದರು. ಕೈರೋದ ಇಬ್ನ್ ಅಲ್ ನಫೀಸ್ ಇದನ್ನು 13ನೇ ಶತಮಾನದಲ್ಲೇ ಹೇಳಿದ್ದರು, ಅವರೂ ಧರ್ಮಶಾಸ್ತ್ರ ಓದಿದವರೇ. ಸರ್ವೆಟಸ್ ಅವರನ್ನು ಅದೇ ವರ್ಷ ಜಿನೀವಾದಲ್ಲಿ ಜೀವಂತ ಸುಟ್ಟರು. ಸುಟ್ಟವರೂ ದೇವರನ್ನು ನಂಬಿದವರೇ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ.

ನನ್ನ ಮೆಶಿನ್‌ನ ಕಥೆ ಇನ್ನೂ ಹತ್ತಿರದ್ದು. ಅದನ್ನು ಶುರು ಮಾಡುವ ಮೊದಲು ಟ್ಯೂಬುಗಳಲ್ಲಿ ಚೂರೂ ಗಾಳಿ ಉಳಿಯದಂತೆ ದ್ರವ ತುಂಬಿಸಬೇಕು. ಪ್ರೈಮ್ ಮಾಡುವುದು ಅನ್ನುತ್ತೇವೆ. 1950ರ ದಶಕದಲ್ಲಿ ಅದಕ್ಕೆ ದಾನಿಗಳ ರಕ್ತವನ್ನೇ ಬಾಟಲಿಗಟ್ಟಲೆ ಸುರಿಯುತ್ತಿದ್ದರು. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದವರಿಗೆ ಬೇರೆಯವರ ರಕ್ತ ನಿಷಿದ್ಧ. ಸತ್ತರೂ ಬೇಡ. ಅಂಥವರಿಗೆ ಓಪನ್ ಹಾರ್ಟ್ ಮಾಡುವುದು ಹೇಗೆ?

ಅಮೆರಿಕದ ಹ್ಯೂಸ್ಟನ್‌ನ ಹಾರ್ಟ್ ಸರ್ಜನ್ ಡೆಂಟನ್ ಕೂಲಿ ಆ ಪಂಥದವರಲ್ಲ, ಆದರೂ ಒಪ್ಪಿಕೊಂಡರು. 1962ರಲ್ಲಿ ರಕ್ತದ ಬದಲು ಗ್ಲೂಕೋಸ್ ದ್ರವದಿಂದ ಪ್ರೈಮ್ ಮಾಡಿ ಅವರಿಗೆ ಆಪರೇಷನ್ ಶುರು ಮಾಡಿದರು. ರೋಗಿಯ ರಕ್ತ ಇದರಿಂದ ಸ್ವಲ್ಪ ತೆಳುವಾಗುತ್ತದೆ. ಅದು ಒಳ್ಳೆಯದೇ ಆಯಿತು: ಆಪರೇಷನ್‌ಗಾಗಿ ದೇಹವನ್ನು ತಣ್ಣಗೆ ಮಾಡಿದಾಗ ರಕ್ತ ಮಂದವಾಗುತ್ತದೆ, ತೆಳುವಾಗಿದ್ದರೆ ಸಲೀಸಾಗಿ ಹರಿಯುತ್ತದೆ. 1977ರಲ್ಲಿ ಅವರ ತಂಡ ರಕ್ತ ಕೊಡದೆ ಮಾಡಿದ 542 ಆಪರೇಷನ್‌ಗಳ ವರದಿ ಕೊಟ್ಟಿತು. ತೆಳು ಮಾಡುವ ಯೋಚನೆ ಕೂಲಿ ಒಬ್ಬರದ್ದೇ ಅಲ್ಲ, ಬೇರೆಯವರೂ ಪ್ರಯತ್ನಿಸುತ್ತಿದ್ದರು. ಆದರೆ ರಕ್ತ ಕೈಗೆ ಸಿಗುವಾಗ ಅದಿಲ್ಲದೆ ಎಷ್ಟು ದೂರ ಹೋಗಬಹುದು ಅಂತ ಸುಮ್ನೆ ಯಾರು ನೋಡುತ್ತಾರೆ? ಈ ರೋಗಿಗಳ ಹಠ ನೋಡುವ ಹಾಗೆ ಮಾಡಿತು.

ಈಗ ದೊಡ್ಡವರ ಆಪರೇಷನ್‌ಗೆ ನಾವು ಸಾಮಾನ್ಯವಾಗಿ ಪ್ರೈಮ್ ಮಾಡುವುದು ಸಲೈನಿನಂಥ ದ್ರವದಿಂದಲೇ, ರೋಗಿ ಯಾವ ದೇವರಿಗೆ ಹರಕೆ ಹೊತ್ತಿದ್ದರೂ. ಹಾಗಂತ ರಕ್ತದಾನ ನಿಲ್ಲಿಸಬೇಡಿ. ತೀರಾ ಪುಟ್ಟ ಮಕ್ಕಳ ಪ್ರೈಮ್‌ಗೆ, ಜಾಸ್ತಿ ರಕ್ತ ಹೋದವರಿಗೆ ಅದು ಇವತ್ತೂ ಬೇಕೇ ಬೇಕು.