ಮೂಟೆ ಕಟ್ಟಿ ಲೈಟ್ ತಿರುಗಿಸಿದ ದಿನ

ಡಿಸೆಂಬರ್ ಬಂತು ಅಂದರೆ ನಮ್ಮ ಕಡೆ ಎರಡು ತಾಪತ್ರಯ ಒಟ್ಟಿಗೆ ಶುರುವಾಗುತ್ತವೆ. ಒಂದು ಮಂಜು. ಇನ್ನೊಂದು ಟಾರು ರಸ್ತೆ ಮೇಲೆ ಹರಡುವ ರಾಗಿ, ಹುರುಳಿ. ಕಣ ಮಾಡುವವರು ಕಡಿಮೆಯಾಗಿದ್ದಾರೆ, ಓಡಾಡುವ ಗಾಡಿಗಳ ಚಕ್ರಕ್ಕೇ ಒಕ್ಕಣೆ ಬಿಟ್ಟಿದ್ದಾರೆ. ಹಗಲಾದರೆ ನೋಡಿಕೊಂಡು ಹೋಗಬಹುದು. ಬೆಳಗಿನ ಜಾವ ಸೇವಂತಿಗೆ ಮೂಟೆ ಕಟ್ಟಿಕೊಂಡು ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಹೊರಟವನಿಗೆ ಆ ರಾಶಿ ಗೊತ್ತಾಗುವುದು ಮುಂದಿನ ಚಕ್ರ ಅದರ ಮೇಲೆ ಹತ್ತಿದ ಮೇಲೆ. ಒಣ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲ್ಲ, ಜಾರುತ್ತದೆ. ಸುತ್ತ ಕಾವಲಿಗೆ ಅಂತ ಕಲ್ಲು ಬೇರೆ ಇಟ್ಟಿರುತ್ತಾರೆ.

ನಮ್ಮದು ಹಳೆಯ ನೂರು ಸಿಸಿ ಬೈಕ್. ಹೆಡ್‌ಲೈಟ್ 35 ವ್ಯಾಟ್. ಅದು ಬ್ಯಾಟರಿಯಿಂದ ಉರಿಯುವುದಿಲ್ಲ, ಇಂಜಿನ್ನಿನ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಉರಿಯುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಮಂಕು. ಮಂಜು ಇದ್ದರೆ ನಿಧಾನ ಹೋಗಬೇಕು, ನಿಧಾನ ಹೋದರೆ ದಾರಿಯೇ ಕಾಣಲ್ಲ. ಸ್ಕಂದಗಿರಿ ತಪ್ಪಲಿನಿಂದ ಪೇಟೆವರೆಗೆ ಪಕ್ಕದ ನೀಲಗಿರಿ ತೋಪಿನ ಅಂದಾಜಿನಲ್ಲೇ ಗಾಡಿ ಓಡಿಸಿದ ದಿನಗಳಿವೆ. ಹೀಗೆ ಓಡಾಡುವುದು ಬೇಡ ಅಂತ ಮನೆಯವರೂ ಹೇಳಿದರು, ನನಗೂ ಅನ್ನಿಸಿತ್ತು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆ ಹತ್ತಿರ ಒಬ್ಬರು ಹಿರಿಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಕನ್ನಡಕ್ಕೆ ತೆಲುಗು ಬೆರೆಸಿ ಮೆಲ್ಲಗೆ ಮಾತಾಡುತ್ತಾರೆ. ಹೂವು ಹರಾಜಾದ ಮೇಲೆ ಅವರ ಹತ್ತಿರ ಹೋದೆ. ಮಂಜಿಗೆ ಹೆಡ್‌ಲೈಟ್ ಜೊತೆಗೆ ದೊಡ್ಡ ಎಲ್‌ಇಡಿ ಲೈಟ್ ಒಂದು ಜೋಡಿ ಬೇಕು ಅಂದೆ. ಅವರು ಮೊದಲು ಸೈಡ್ ಕವರ್ ತೆಗೆದು ಬ್ಯಾಟರಿ ನೋಡಿದರು. 12 ವೋಲ್ಟ್, ಬರೀ 3 ಎಎಚ್ (ಆಂಪಿಯರ್-ಅವರ್), ಅಂದರೆ ಸಣ್ಣ ಬ್ಯಾಟರಿ. 'ಒಂದೊಂದು 20 ವ್ಯಾಟ್‌ದು ಎರಡು ಹಾಕಿದರೆ ಮೂರು ಆಂಪಿಯರ್ ಮೇಲೆ ಎಳೆಯುತ್ತೆ. ಈ ಗಾಡಿ ಚಾರ್ಜಿಂಗ್ ಅಷ್ಟು ತಡೆಯಲ್ಲಪ್ಪ' ಅಂದರು. 10 ವ್ಯಾಟ್‌ದು ಎರಡು ಸಾಕು, ಒಟ್ಟು 1.7 ಆಂಪಿಯರ್ ಅಷ್ಟೇ. ಜಾಸ್ತಿ ರೇಟಿನದು ಮಾರಿದ್ದರೆ ಅವರಿಗೇ ಲಾಭ ಇತ್ತು, ಅಲ್ವಾ? ಅವರು ಗಾಡಿ ಲೆಕ್ಕ ಹಾಕಿದರು. ಆ ಗೌರವ ನನಗೆ ಇವತ್ತಿಗೂ ಇದೆ.

ಲೈಟ್ ಕೂರಿಸಿದ್ದು ಲೆಗ್ ಗಾರ್ಡ್‌ನ ಕೆಳಭಾಗಕ್ಕೆ. ಮಂಜು ಅಂದರೆ ನೀರಿನ ಸಣ್ಣ ಹನಿಗಳು. ಎತ್ತರದಿಂದ ಹೈ ಬೀಮ್ ಬಿಟ್ಟರೆ ಬೆಳಕೆಲ್ಲ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಮುಂದೆ ಬಿಳೀ ಪರದೆ ಕಟ್ಟಿದ ಹಾಗೆ. ಕೆಳಗಿನಿಂದ, ಅಗಲವಾಗಿ, ನೆಲಕ್ಕೆ ಬಿಟ್ಟರೆ ರಸ್ತೆ ಅಂಚಾದರೂ ಕಾಣುತ್ತದೆ. ನಾನು ಹಳದಿ ಬೆಳಕಿನದು ಆರಿಸಿಕೊಂಡೆ, ಕಣ್ಣಿಗೆ ಹಿತ ಅಂತ. ಆದರೆ ಹಳದಿ ಬಣ್ಣದಿಂದಲೇ ಮಂಜು ಸೀಳುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಲೈಟ್ ಎಲ್ಲಿ ಕೂತಿದೆ, ಎತ್ತ ನೋಡುತ್ತಿದೆ ಅನ್ನುವುದೇ ಮುಖ್ಯ.

ಲೈಟ್ ಕೂರಿಸಲು ಹೊತ್ತು ಹಿಡಿಯಲಿಲ್ಲ. ಉಳಿದ ಹೊತ್ತೆಲ್ಲ ವೈರಿಗೇ. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಗೇಣುದ್ದದೊಳಗೇ 5 ಆಂಪಿಯರ್ ಫ್ಯೂಸ್ ಹಾಕಿದರು. ಫ್ಯೂಸ್ ದೂರ ಇದ್ದರೆ ಅಲ್ಲಿಯವರೆಗಿನ ವೈರ್ ಎಲ್ಲಾದರೂ ಉಜ್ಜಿ ಫ್ರೇಮಿಗೆ ತಾಗಿದಾಗ ತಡೆಯುವವರೇ ಇಲ್ಲ, ಮೇಲೆ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಅಲ್ಲಿಂದ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ. ಫ್ಯೂಸಿನ ವೈರ್ ಅದರ 30ನೇ ನಂಬರ್ ಪಿನ್ನಿಗೆ, ಲೈಟಿನದು 87ಕ್ಕೆ, ಹ್ಯಾಂಡಲ್ ಸ್ವಿಚ್ಚಿನಿಂದ ಬಂದದ್ದು 86ಕ್ಕೆ, ಅರ್ತ್ 85ಕ್ಕೆ. ಪಿನ್ ಪಕ್ಕದಲ್ಲೇ ನಂಬರ್ ಅಚ್ಚು ಹಾಕಿರುತ್ತಾರೆ. ಇಷ್ಟು ಸಣ್ಣ ಲೈಟಿಗೆ ರಿಲೇ ಯಾಕೆ ಅಂತ ಕೇಳಿದೆ. ಹ್ಯಾಂಡಲ್ ಸ್ವಿಚ್ಚಿನಲ್ಲಿ ರಿಲೇ ಎಳೆಯುವಷ್ಟು ಕರೆಂಟ್ ಮಾತ್ರ ಹರಿದರೆ ಅದರ ಪಾಯಿಂಟ್ ಸುಡಲ್ಲ, ವರ್ಷಗಟ್ಟಲೆ ಬರುತ್ತದೆ ಅಂದರು.

ಸ್ವಿಚ್ಚಿಗೆ ಕರೆಂಟ್ ಕೊಟ್ಟದ್ದು ಕೀ ಆನ್ ಆದ ಮೇಲೆ ಜೀವ ಬರುವ ವೈರಿನಿಂದ. ನಮ್ಮ ಗಾಡಿಯಲ್ಲಿ ಅದು ಕಪ್ಪು ವೈರ್, ಹಸಿರು ಅಂದರೆ ಅರ್ತ್. ಕಾರಿನ ಕೆಲಸ ಮಾತ್ರ ಗೊತ್ತಿರುವವರು ಕಪ್ಪು ಕಂಡ ಕೂಡಲೇ ಅರ್ತ್ ಅಂದುಕೊಳ್ಳುತ್ತಾರೆ. ಇವರು ಬಣ್ಣ ಗೊತ್ತಿದ್ದರೂ ಟೆಸ್ಟ್ ಲ್ಯಾಂಪ್ ಹಿಡಿದು, ಕೀ ಹಾಕಿ ತೆಗೆದು ನೋಡಿಯೇ ಕೈ ಹಚ್ಚಿದರು. ಹೀಗೆ ಕೊಟ್ಟರೆ ಕೀ ತೆಗೆದಾಗ ಲೈಟೂ ಆರುತ್ತದೆ. ಮರೆತು ಬಂದರೂ ಬ್ಯಾಟರಿ ಖಾಲಿಯಾಗಲ್ಲ.

ಜಾಯಿಂಟ್ ಮಾಡುವಾಗ ಅವರ ಬೆರಳು ನೋಡುತ್ತಾ ಕೂತಿದ್ದೆ. ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಕೊಂಡರು. ತಾಮ್ರದ ಎಳೆಗಳನ್ನು ಬಿಡಿಸಿ, ಒಂದರೊಳಗೊಂದು ಸೇರಿಸಿ ಹೊಸೆದು ಬೆಸುಗೆ ಹಾಕಿದರು. ಸ್ಲೀವ್ ಎಳೆದು ಲೈಟರ್ ಉರಿ ತೋರಿಸಿದರು, ಅದು ಜಾಯಿಂಟಿನ ಮೈಗೆ ಅಂಟಿಕೊಂಡಿತು. ಟೇಪ್ ಮುಟ್ಟಲಿಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದಂತೆ. ಆಮೇಲೆ ಹ್ಯಾಂಡಲನ್ನು ಎಡಕ್ಕೆ ಕೊನೆವರೆಗೆ, ಬಲಕ್ಕೆ ಕೊನೆವರೆಗೆ ತಿರುಗಿಸಿ, ವೈರ್ ಬಿಗಿಯದಷ್ಟು ಸಡಿಲ ಬಿಟ್ಟು ಟೈ ಹಾಕಿದರು. ಅಲ್ಲಿ ಬಿಗಿ ಕಟ್ಟಿದರೆ ದಿನಾ ಎಳೆದಾಡಿ ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದರೂ ಒಳಗೆ ತಾಮ್ರ ತುಂಡಾಗುತ್ತದೆ.

ಲೈಟ್ ತಿರುಗಿಸುವ ಕೆಲಸ ಅವರು ಅಂಗಡಿಯಲ್ಲಿ ಮಾಡಲೇ ಇಲ್ಲ. 'ಮೂಟೆ ಕಟ್ಟಿದಾಗ ಗಾಡಿ ಹಿಂದೆ ಕೂರುತ್ತೆ, ಮುಂದೆ ಎದ್ದೇಳುತ್ತೆ. ಈಗ ಇಟ್ಟರೆ ಆಗ ಎದುರಿನವರ ಕಣ್ಣಿಗೆ ಹೊಡೆಯುತ್ತೆ' ಅಂದರು. ಕತ್ತಲಾದ ಮೇಲೆ ನಮ್ಮೂರ ಶಾಲೆ ಕಾಂಪೌಂಡಿನ ಮುಂದೆ ಇಪ್ಪತ್ತೈದು ಅಡಿ ದೂರ ಗಾಡಿ ನಿಲ್ಲಿಸಿದೆ. ಮೂಟೆ ಕಟ್ಟಿ, ನಾನು ಮೇಲೆ ಕೂತೆ. ಬೆಳಕಿನ ಮೇಲಂಚು ಲೈಟ್ ಇರುವ ಎತ್ತರಕ್ಕಿಂತ ಕೆಳಗೆ ಬೀಳುವವರೆಗೆ ನನ್ನ ತಮ್ಮ ಲೈಟ್ ಬಗ್ಗಿಸುತ್ತಾ ಹೋದ, ಕೊನೆಗೆ ನಟ್ಟು ಬಿಗಿದ. ನಮ್ಮ ರಾಜ್ಯದ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕುತ್ತಿದ್ದಾರೆ. ಅದು ಸರಿಯೇ ಅನ್ನುತ್ತೇನೆ. ಎದುರಿಗೆ ಬರುವ ಹಾಲಿನ ಗಾಡಿಯವನೂ ಅದೇ ಮಂಜಿನಲ್ಲಿ ದಾರಿ ಹುಡುಕುತ್ತಿರುತ್ತಾನೆ.

ಮಾರನೇ ದಿನ ಕೆರೆ ಏರಿ ದಾಟಿದ ಮೇಲೆ ರಸ್ತೆಯ ಎಡ ಅರ್ಧಕ್ಕೆ ರಾಗಿ ತೆನೆ ಹರಡಿತ್ತು. ಸುತ್ತಲಿನ ಕಲ್ಲುಗಳೂ ಕಂಡವು. ಆರಾಮಾಗಿ ಗೇರ್ ಇಳಿಸಿ ಬಲಕ್ಕೆ ಸರಿದು ಹೋದೆ.

ಈಗ ಪಕ್ಕದ ತೋಟದ ಹುಡುಗನೂ ಲೈಟ್ ಹಾಕಿಸಬೇಕು ಅಂತಿದ್ದಾನೆ. ಅವನದು 2017ರ ಏಪ್ರಿಲ್ ನಂತರದ ಗಾಡಿ, ಇಂಜಿನ್ ಶುರುವಾದರೆ ಹೆಡ್‌ಲೈಟ್ ತಾನೇ ಉರಿಯುವಂಥದ್ದು. ಚಾರ್ಜಿಂಗ್ ಲೆಕ್ಕ ಬೇರೆ, ಅದನ್ನು ಅಂಗಡಿಯವರೇ ನೋಡಲಿ. ನಾನು ಅವನಿಗೆ ಹೇಳಿರುವುದು ಇಷ್ಟೇ: ಸಂಜೆ ಮೂಟೆ ಕಟ್ಟಿಕೊಂಡೇ ಶಾಲೆ ಹತ್ತಿರ ಬಾ, ಸ್ಪ್ಯಾನರ್ ನಾನು ತರ್ತೀನಿ.